ಕೋಸಂಬರಿಯ ನೀರು, ಅಂಗಿಯ ಮೇಲಿನ ಉಪ್ಪು



ರಾಮನವಮಿಯ ದಿನ ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ ನಡೆದು ಹೋದರೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಕೈಗೆ ಬರುವುದು ವಾಡಿಕೆ. ಕೋಸಂಬರಿ ಮಾಡುವವರನ್ನು ನೀವು ಗಮನಿಸಿರಬಹುದು. ಸೌತೆಕಾಯಿ ಹೆಚ್ಚಿ, ನೆನೆದ ಬೇಳೆಯೊಡನೆ ಬೆರೆಸಿ, ಒಗ್ಗರಣೆ ಕೊಟ್ಟು ಇಟ್ಟರೂ ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕುತ್ತಾರೆ. ಮೊದಲೇ ಹಾಕಿದರೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಹೊರಗಿನ ಉಪ್ಪು ಸೌತೆಕಾಯಿಯ ಜೀವಕೋಶಗಳೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಇದನ್ನೇ ನಿಮ್ಮ ಪಠ್ಯಪುಸ್ತಕ ಅಭಿಸರಣೆ ಎನ್ನುತ್ತದೆ. ಉಪ್ಪು ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ನೀರು ಹೋಗುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದು ಕಷ್ಟವಲ್ಲ.

ನಿಮ್ಮ ರಕ್ತದ ಉಪ್ಪಿನಂಶವನ್ನು ದೇಹ ಬಹಳ ಜಾಗರೂಕತೆಯಿಂದ ಕಾಯುತ್ತದೆ. ಊಟದಲ್ಲಿ ಉಪ್ಪಿನಕಾಯಿ ಸ್ವಲ್ಪ ಜಾಸ್ತಿಯಾಯಿತು ಎನ್ನಿ. ರಕ್ತದ ಸಾಂದ್ರತೆ ಶೇಕಡ ಒಂದೆರಡು ಹೆಚ್ಚಿದರೂ ಮೆದುಳಿನ ಹೈಪೋಥಲಾಮಸ್‌ಗೆ ಅದು ಗೊತ್ತಾಗುತ್ತದೆ. ಅದು ಎರಡು ಕೆಲಸ ಮಾಡುತ್ತದೆ. ಬಾಯಾರಿಕೆ ಹುಟ್ಟಿಸುತ್ತದೆ, ಜೊತೆಗೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ, ನೀರನ್ನು ಹೊರಗೆ ಬಿಡಬೇಡಿರೆಂದು ಮೂತ್ರಪಿಂಡಗಳಿಗೆ ಸೂಚನೆ ಕಳುಹಿಸುತ್ತದೆ. ಕುಡಿದ ನೀರು ಉಪ್ಪಿನ ಜೊತೆ ದೇಹದಲ್ಲೇ ಉಳಿಯುತ್ತದೆ.

ಹಾಗಾದರೆ ಉಪ್ಪು ತಿಂದರೆ ಹೆಚ್ಚು ಬೆವರುತ್ತೇವೆಯೇ? ಇಲ್ಲ. ಬೆವರನ್ನು ಹೊರಡಿಸುವುದು ಮುಖ್ಯವಾಗಿ ದೇಹದ ಉಷ್ಣತೆ. ಉಪ್ಪು ತಿಂದು ನೀರು ಕುಡಿಯದೆ ಬಿಸಿಲಿಗೆ ಹೋದರೆ ಆಗುವುದು ಇದಕ್ಕೆ ವಿರುದ್ಧ. ರಕ್ತ ಗಾಢವಾಗಿರುವಾಗ ದೇಹ ಬೆವರಲು ಹಿಂಜರಿಯುತ್ತದೆ, ಮೈ ಬೇಗ ಕಾಯುತ್ತದೆ. ಬಿಸಿಬೇಳೆ ಭಾತು ತಿನ್ನುವಾಗ ಹಣೆಯಲ್ಲಿ ಮೂಡುವ ಬೆವರಿಗೆ ಕಾರಣ ಮೆಣಸಿನಕಾಯಿಯೇ ಹೊರತು ಉಪ್ಪಲ್ಲ. ಉಪ್ಪಿನ ಮೇಲೆ ಆ ಅಪವಾದ ಬೇಡ.

ಇನ್ನು ಬೆವರಿನ ಕಥೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಂದ ದಿನ ಅಂಗಿ ಒಣಗಿದ ಮೇಲೆ ಬೆನ್ನಿನ ಮೇಲೆ ಬಿಳಿಯ ಗೆರೆ ಕಂಡಿರಬೇಕಲ್ಲವೇ? ಅದು ನಿಮ್ಮ ಮೈಯಿಂದ ಬಂದ ಉಪ್ಪು. ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಗ್ರಂಥಿಯ ತಳದ ಸುರುಳಿಯಲ್ಲಿ ಹುಟ್ಟುವ ದ್ರವ ಹೆಚ್ಚುಕಡಮೆ ರಕ್ತದಷ್ಟೇ ಉಪ್ಪಾಗಿರುತ್ತದೆ. ಅದು ನಾಳದಲ್ಲಿ ಮೇಲಕ್ಕೆ ಬರುವಾಗ ನಾಳದ ಗೋಡೆ ಸೋಡಿಯಮ್ಮನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ನಿಧಾನವಾಗಿ ಬೆವರಿದರೆ ಹೀರಲು ಸಮಯ ಸಿಗುತ್ತದೆ, ಬೆವರು ಸಪ್ಪೆಯಾಗುತ್ತದೆ. ರಭಸದಿಂದ ಸುರಿದರೆ ಸಮಯ ಸಾಲದು, ಉಪ್ಪು ಹೊರಗೆ ಹೋಗುತ್ತದೆ. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ 1ರಿಂದ 4 ಗ್ರಾಂ ಉಪ್ಪಿರುತ್ತದೆ. ಬಿಸಿಲಲ್ಲಿ ಕಠಿಣವಾಗಿ ದುಡಿಯುವವರು ಗಂಟೆಗೆ ಒಂದು ಲೀಟರ್ ಬೆವರುವುದುಂಟು.

ಸ್ವಾರಸ್ಯವೆಂದರೆ ಗ್ರಂಥಿಗಳು ಕಲಿಯುತ್ತವೆ. ಮೈಸೂರಿನ ಹುಡುಗನೊಬ್ಬ ಮೇ ತಿಂಗಳಲ್ಲಿ ರಾಯಚೂರಿಗೆ ಹೋದರೆ ಮೊದಲ ಕೆಲವು ದಿನ ಒದ್ದಾಡುತ್ತಾನೆ. ಬಿಸಿಲಿನಲ್ಲಿ ಓಡಾಡಿಕೊಂಡಿದ್ದರೆ ಒಂದೆರಡು ವಾರದಲ್ಲಿ ಅವನು ಬೇಗನೆ ಬೆವರಲು ತೊಡಗುತ್ತಾನೆ, ಹೆಚ್ಚು ಬೆವರುತ್ತಾನೆ, ಆದರೆ ಆ ಬೆವರಿನಲ್ಲಿ ಉಪ್ಪು ಕಡಿಮೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ನಾಳಗಳಿಂದ ಈ ಉಳಿತಾಯ ಮಾಡಿಸುತ್ತದೆ. ಊಟದಲ್ಲಿ ಉಪ್ಪು ಕಡಿಮೆಯಾದರೂ ಅದೇ ಹಾರ್ಮೋನು ಹೆಚ್ಚುತ್ತದೆ, ಬೆವರು ಸಪ್ಪೆಯಾಗುತ್ತದೆ. ಧಾರಾಳವಾಗಿ ತಿನ್ನುವವನ ಬೆವರಿನಲ್ಲಿ ಉಪ್ಪೂ ಧಾರಾಳ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ತೋರಿಸಿಕೊಟ್ಟವರು ಗಣಿಯ ಕಾರ್ಮಿಕರು. 2001ರಲ್ಲಿ ಮುಚ್ಚಿದ ನಮ್ಮ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಲ್ಲಿನ ಕಾರ್ಮಿಕರು ಸುರಂಗದಲ್ಲಿ ಕುಸಿದು ಬೀಳುತ್ತಿದ್ದ ಪ್ರಸಂಗಗಳನ್ನು ವಿಶ್ಲೇಷಿಸಿದ ಎ. ಕ್ಯಾಪ್ಲನ್ ಅವರ ಲೇಖನ 1944ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1923ರಲ್ಲಿ, ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಕೆ. ನೆವಿಲ್ ಮಾಸ್ ಒಂದು ವಿಷಯ ಕಂಡುಕೊಂಡಿದ್ದರು. ಬೆವರು ಸುರಿಸಿ ಬರೀ ನೀರು ಕುಡಿಯುತ್ತಿದ್ದ ಕಾರ್ಮಿಕರಿಗೆ ಸ್ನಾಯು ಸೆಳೆತ ಬರುತ್ತಿತ್ತು. ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಪರಿಹಾರ ಸಿಗುತ್ತಿತ್ತು.

ಕಾರಣ ಈಗ ನೀವೇ ಹೇಳಬಲ್ಲಿರಿ. ನೀರೂ ಉಪ್ಪೂ ಹೋಗಿವೆ. ನೀರು ಮಾತ್ರ ತುಂಬಿಸಿದರೆ ರಕ್ತ ತೆಳುವಾಗುತ್ತದೆ. ತೆಳುವಾದ ಕೂಡಲೇ ಬಾಯಾರಿಕೆ ನಿಲ್ಲುತ್ತದೆ, ಮೂತ್ರಪಿಂಡ ನೀರನ್ನು ಹೊರಗೆ ಚೆಲ್ಲುತ್ತದೆ. ಕೊರತೆ ಹಾಗೆಯೇ ಉಳಿಯುತ್ತದೆ. ಹಟಕ್ಕೆ ಬಿದ್ದು ಇನ್ನೂ ಕುಡಿದರೆ ಅಪಾಯ. ಆಗ ಉಪ್ಪು ಹೆಚ್ಚಿರುವುದು ಜೀವಕೋಶಗಳ ಒಳಗೆ, ಆದ್ದರಿಂದ ನೀರು ಅಲ್ಲಿಗೆ ನುಗ್ಗುತ್ತದೆ. ತಲೆಬುರುಡೆಯೊಳಗೆ ಊದಿದ ಮೆದುಳಿಗೆ ಜಾಗವಿಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇಕಡ 13 ಮಂದಿಗೆ ಸೋಡಿಯಮ್ ಕಡಿಮೆಯಾಗಿತ್ತು. ಓಟದ ನಡುವೆ ಹೆಚ್ಚು ಕುಡಿದು, ತೂಕ ಏರಿಸಿಕೊಂಡವರಲ್ಲೇ ಈ ತೊಂದರೆ ಹೆಚ್ಚು.

ಹಾಗೆಂದು ನಾಳೆಯಿಂದ ಉಪ್ಪಿನ ಡಬ್ಬಿಗೆ ಕೈ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯೂ ತುಂಬದಷ್ಟು. ನಮ್ಮ ದೇಶದಲ್ಲಿ ಸರಾಸರಿ ಸೇವನೆ ಇದಕ್ಕಿಂತ ಬಹಳ ಹೆಚ್ಚು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಕುರುಕಲು ತಿಂಡಿ ಎಲ್ಲದರಲ್ಲೂ ಅದು ಅಡಗಿದೆ. ಹೆಚ್ಚಿನ ಉಪ್ಪು ನೀರನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ. ಶಾಲೆಗೆ ನಡೆದು ಹೋಗಿ, ಸಂಜೆ ಒಂದು ಗಂಟೆ ಆಡಿ ಬರುವವರಿಗೆ ದಿನದ ಊಟದ ಉಪ್ಪೇ ಸಾಕು. ಬಾಯಾರಿದಾಗ ನೀರು ಕುಡಿದರಾಯಿತು. ಗಂಟೆಗಟ್ಟಲೆ ಬೆವರುವ ದಿನ ಮಾತ್ರ ನೀರುಮಜ್ಜಿಗೆಗೆ ಚಿಟಿಕೆ ಉಪ್ಪು ಒಳ್ಳೆಯದು. ಬಿಸಿಲಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿ ಮೈ ಸುಡುತ್ತಿದ್ದರೆ ಕುಡಿಸುತ್ತ ಕೂರಬೇಡಿ. ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಿ.

ಪಾನಕ ಮತ್ತು ಮಜ್ಜಿಗೆಗೆ ಮರಳೋಣ. ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಮ್ ಜೊತೆಯಾಗಿ ಒಳಗೆ ಹೋಗುವ ಬಾಗಿಲುಗಳಿವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ವಾಂತಿ ಭೇದಿಯಾದಾಗ ಕೊಡುವ ಓಆರ್‌ಎಸ್ ಪುಡಿ ನಿಂತಿರುವುದು ಇದರ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಸಕ್ಕರೆ ಉಪ್ಪಿನ ನೀರಿನಿಂದ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಮನೆಯಲ್ಲಿ ಇಂಥ ದ್ರಾವಣ ಮಾಡುವಾಗ ಮೊದಲು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಅಂಗಡಿಯಿಂದ ತಂದ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಮಗುವಿಗೆ ಕುಡಿಸಿದರೆ ಕರುಳಿನೊಳಗೆ ಕೋಸಂಬರಿಯ ಪಾತ್ರೆಯಲ್ಲಾದದ್ದೇ ಆಗುತ್ತದೆ: ದೇಹದ ನೀರು ಹೊರಗೆ ಬರುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಬರೆದ ಅಳತೆಯನ್ನು ಓದಿ, ಅಷ್ಟೇ ನೀರು ಅಳೆದು ಹಾಕಿ.