ಸವೆದ ಲೋಹದ ಬಣ್ಣ

ಮೂವತ್ತಕ್ಕೂ ಹೆಚ್ಚು ವರ್ಷ ಛಂದಸ್ಸು, ವ್ಯಾಕರಣಗಳನ್ನು ಪಾಠ ಹೇಳಿದವನು ಈಗ ಅಂಗೈಯಗಲದ ವಿಮಾನಗಳಿಗೆ ಬಣ್ಣ ಬಳಿಯುತ್ತ ಕುಳಿತಿರುವುದನ್ನು ಕಂಡು ನನ್ನ ಹಳೆಯ ಶಿಷ್ಯರು ನಗುತ್ತಾರೆ. ನಗಲಿ. ಹೊಸ ಲೋಹವನ್ನು ಚಿತ್ರಿಸುವುದು ಸುಲಭ, ಸವೆದ ಲೋಹವನ್ನು ಚಿತ್ರಿಸುವುದು ಕಷ್ಟ ಎಂಬುದನ್ನು ನಾನು ಕಲಿತದ್ದು ಇಂದಿರಾನಗರದ ನಮ್ಮ ನೆರೆಯವರೊಬ್ಬರಿಂದ.

ಅವರು ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1940ರಲ್ಲಿ ವಾಲಚಂದ್ ಹೀರಾಚಂದರು ಸ್ಥಾಪಿಸಿದ ಆ ಕಾರ್ಖಾನೆಯಲ್ಲಿ ಡಾ. ಘಾಟಗೆಯವರು ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. ಅದರ ಪ್ರತಿಕೃತಿಯೊಂದನ್ನು ಮಾಡಿಕೊಡಬೇಕೆಂದು ಕೇಳಿದರು. "ಹೊಸದಾಗಿ ಹೊರಟದ್ದನ್ನು ಎಲ್ಲರೂ ನೋಡಿದ್ದಾರೆ, ಮೇಷ್ಟ್ರೇ. ದುರಸ್ತಿಗೆ ಹಿಂದಿರುಗಿದಾಗ ಅದು ಹೇಗಿರುತ್ತಿತ್ತೋ ಹಾಗೆ ಮಾಡಿ. ಅದನ್ನು ನೋಡಿದವರು ನಾವು ಮಾತ್ರ."

ನಾನು ಉತ್ಸಾಹದಿಂದ ರೆಕ್ಕೆಯ ತುಂಬ ಕೆಂಗಂದು ತುಕ್ಕನ್ನು ಬಳಿದೆ. ಅವರು ನೋಡಿ, ಮೃದುವಾಗಿಯೇ, "ಇದು ನಮ್ಮ ವಿಮಾನವಲ್ಲ, ಬಾವಿಯ ರಾಟೆ" ಎಂದರು. ವಿಮಾನದ ಮೈ ಅಲ್ಯುಮಿನಿಯಮ್ ಮಿಶ್ರಲೋಹದ್ದು. ಕಬ್ಬಿಣದಂತೆ ಅದು ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಮಂಕಾಗಿ, ಬೂದುಬಿಳುಪಾಗುತ್ತದೆ. ಬಣ್ಣ ಸ್ವಲ್ಪವೇ ಎದ್ದಿದ್ದರೆ ಕೆಳಗಿನ ಹಳದಿಮಿಶ್ರಿತ ಹಸಿರು ಲೇಪ, ಅಂದರೆ ಆ ಕಾಲದ ಸತುವಿನ ಕ್ರೋಮೇಟು, ಕಾಣಿಸುತ್ತದೆ; ಇನ್ನೂ ಆಳಕ್ಕೆ ಹೋದರೆ ಮಾತ್ರ ಬೆಳ್ಳಿಯ ಹೊಳಪು. ಗಾಯಕ್ಕೂ ಪದರಗಳಿವೆ.

ಈ ಪದರಗಳನ್ನು ಕಣ್ಣಾರೆ ಕಾಣಲು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ಕಾರಿನ ಹಳೆಯ ಬಾಗಿಲೊಂದು ನನಗೆ ಇಡೀ ಪಾಠವನ್ನು ಹೇಳಿತು: ಅಂಚಿನಲ್ಲಿ, ಹಿಡಿಯ ಸುತ್ತ, ಕೈ ತಾಗುವಲ್ಲಿ ಬಣ್ಣ ಹೋಗಿತ್ತು, ನಟ್ಟನಡುವೆ ಹಾಗೆಯೇ ಉಳಿದಿತ್ತು. ಸವೆತವೆಂಬುದು ಎಲ್ಲೆಂದರಲ್ಲಿ ಚೆಲ್ಲಿದ ಚುಕ್ಕೆಯಲ್ಲ. ಅಂಗಡಿಯಾತ ನಾನು ಬಾಗಿಲನ್ನು ಕೊಳ್ಳುವೆನೆಂದು ಬಹಳ ಹೊತ್ತು ಕಾದ ಪಾಪವೂ ನನ್ನದೇ.

ಇನ್ನು ವಿಧಾನ. ಮೊದಲು ನೀರಿಗೆ ಕರಗದ ಬೆಳ್ಳಿಬಣ್ಣವನ್ನು ಬಳಿದು ಚೆನ್ನಾಗಿ ಒಣಗಿಸಬೇಕು. ಅದರ ಮೇಲೆ ಕೂದಲಿಗೆ ಸಿಂಪಡಿಸುವ ಹೇರ್ ಸ್ಪ್ರೇಯನ್ನು ತೆಳುವಾಗಿ ಎರಡು ಸಲ, ಆಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ. ಅದು ಒಣಗಿದೊಡನೆ, ಗಟ್ಟಿಯಾಗುವ ಮೊದಲೇ, ಒದ್ದೆ ಕುಂಚದಿಂದ ನೆನೆಸಿ ಮೆಲ್ಲಗೆ ಉಜ್ಜಿದರೆ ನಡುವಣ ಪದರ ನೀರಿಗೆ ಸಡಿಲಗೊಂಡು ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಆ ಚೂರುಗಳು ನಿಜವಾಗಿ ಎದ್ದವು, ಬರೆದವಲ್ಲ. ಆದ್ದರಿಂದಲೇ ನಂಬಿಕೆ ಹುಟ್ಟಿಸುತ್ತವೆ. ಕಲ್ಲುಪ್ಪನ್ನು ಅಂಟಿಸಿ ಮೇಲೆ ಬಣ್ಣ ಬಳಿದು ಉದುರಿಸುವವರೂ ಉಂಟು. ಅದು ನನಗೆ ಒರಟೆನಿಸಿತು. ಹಸಿರುಹಳದಿಯ ಅಂಚನ್ನು ಮಾತ್ರ ಅತಿ ಸಣ್ಣ ಕುಂಚದಿಂದ ಕೈಯಾರೆ ಇಡಬೇಕು. ಕಾಲಿನಿಂದ ಸವೆದ ಜಾಗಕ್ಕೆ ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಿನಿಂದ ತೀಡಿದರೆ ಸಾಕು.

ಇಲ್ಲಿ ಅಳತೆಯ ವಿವೇಕ ಬೇಕು. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪ್ರತಿಕೃತಿಯ ಮೇಲೆ ಒಂದು ಮಿಲಿಮೀಟರಿನ ಚುಕ್ಕೆಯೆಂದರೆ, ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕ ಗಾಯ! ನಮ್ಮ ಕವಿಗಳಲ್ಲಿ ಕೆಲವರು ಅಲಂಕಾರಗಳನ್ನು ಸುರಿದಂತೆ, ಹೊಸಬರು ಚುಕ್ಕೆಗಳನ್ನು ಸುರಿಯುತ್ತಾರೆ.

ಎರಡನೆಯ ಸಲ ನಾನು ಪೈಲಟ್ಟುಗಳು ಕಾಲಿಟ್ಟು ಹತ್ತುವ ರೆಕ್ಕೆಯ ಬುಡವನ್ನೂ ಎಂಜಿನ್ನಿನ ಹೊದಿಕೆಯ ಅಂಚನ್ನೂ ಮಾತ್ರ ಸವೆಸಿ, ಉಳಿದದ್ದನ್ನು ಹಾಗೆಯೇ ಬಿಟ್ಟು ಒಯ್ದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಮಾತಿಲ್ಲ. ಕೊನೆಗೆ ಹೊದಿಕೆಯ ತಿರುಪಿನ ಬಳಿ ಉಗುರಿನಿಂದ ತೋರಿಸಿ, "ಇಲ್ಲಿ ಇನ್ನೆರಡು ಗೀರು ಬೇಕು, ಮೇಷ್ಟ್ರೇ. ನನ್ನ ಸ್ಕ್ರೂಡ್ರೈವರು ಜಾರುತ್ತಿದ್ದದ್ದು ಇಲ್ಲಿಯೇ" ಎಂದರು.

ಮನೆಗೆ ತಂದು ಆ ಎರಡು ಗೀರುಗಳನ್ನು ಎಳೆಯಲು ನನಗೆ ಇಡೀ ಸಂಜೆ ಹಿಡಿಯಿತು.