ಕೀಚಕ ಎಷ್ಟು ಸಲ ಸಾಯಬೇಕು?
(ಒಬ್ಬ ಅಭಿಮಾನಿಯ ಸಿಂಹಾವಲೋಕನ)

ಕುಮಾರವ್ಯಾಸನ ವಿರಾಟಪರ್ವವನ್ನು ಪಾಠ ಹೇಳಿ ಮುಗಿಸಿದ ದಿನ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: “ಸರ್, ನಮ್ಮೂರಿನಲ್ಲಿ ಪ್ರತಿ ವರ್ಷವೂ ಕೀಚಕ ವಧೆ ಆಡುತ್ತಾರೆ. ಕೀಚಕ ಸಾಯುತ್ತಾನೆಂದು ಎಲ್ಲರಿಗೂ ಗೊತ್ತಿದೆ. ಆದರೂ ಅವನು ಎಷ್ಟು ಸಲ ಸಾಯಬೇಕು?” ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು. ಮೂವತ್ತೈದು ವರ್ಷಗಳಿಂದ ಕೀಚಕ ಸಾಯುವುದನ್ನು ನೋಡಲು ನಿದ್ದೆಗೆಟ್ಟವನು ನಾನು. ಉತ್ತರ ಕೊಡಬೇಕಾದ ಹೊಣೆ ನನ್ನದಲ್ಲದೆ ಇನ್ನಾರದು?

ಪ್ರಶ್ನೆ ಕೇಳಿದ ಹುಡುಗ ವೀರಕಥೆಗಳ ವಿರೋಧಿಯೇನೂ ಅಲ್ಲ. ಅವನಿಗೆ ತನ್ನದೇ ವೀರರಿದ್ದಾರೆ. ಮಾರ್ವೆಲ್ ಎಂಬ ಅಮೆರಿಕದ ಸಂಸ್ಥೆಯವರು 2008ರಲ್ಲಿ ‘ಐರನ್ ಮ್ಯಾನ್’ ಎಂಬ ಚಿತ್ರದಿಂದ ಒಂದು ಸರಪಳಿಯನ್ನು ಹೆಣೆಯತೊಡಗಿದರು. ಒಂದು ಚಿತ್ರದ ಕೊನೆಯಲ್ಲಿ ಮತ್ತೊಂದರ ಬೀಜ. ಒಬ್ಬ ವೀರನ ಕಥೆಯಲ್ಲಿ ಇನ್ನೊಬ್ಬನ ಪ್ರವೇಶ. 2019ರಲ್ಲಿ ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಆ ಮಾಲೆಯ ಇಪ್ಪತ್ತೆರಡನೆಯ ಚಿತ್ರ. ಅದರಲ್ಲಿ ಐರನ್ ಮ್ಯಾನ್ ಲೋಕವನ್ನುಳಿಸಿ ಪ್ರಾಣ ಬಿಡುತ್ತಾನೆ. ಅಂದು ತಾನು ಅತ್ತೆನೆಂದು ಆ ಹುಡುಗ ಸಂಕೋಚವಿಲ್ಲದೆ ಹೇಳಿದ. ಆದರೆ ಅದರ ಮುಂದಿನ ವರ್ಷಗಳ ಮಾತು ಬಂದಾಗ ಅವನ ಮುಖ ಸಪ್ಪಗಾಯಿತು. 2021ರಿಂದ ಮನೆಯಲ್ಲೇ ಕುಳಿತು ನೋಡುವ ಸರಣಿಗಳೂ ಬಂದವು. ‘ವಾಂಡಾವಿಷನ್’, ‘ಲೋಕಿ’ ಮೊದಲಾದವು. ಮೊದಮೊದಲು ಹಿಡಿಸಿದವು. ಬರಬರುತ್ತ ಒಂದನ್ನು ತಿಳಿಯಲು ಇನ್ನೆರಡನ್ನು ನೋಡಿರಬೇಕೆಂಬ ಸ್ಥಿತಿ. ಅನೇಕ ಲೋಕಗಳು, ಒಬ್ಬೊಬ್ಬ ವೀರನಿಗೂ ಹಲವು ಪ್ರತಿರೂಪಗಳು. ಸತ್ತವರು ಬೇರೊಂದು ಲೋಕದಿಂದ ಎದ್ದುಬರತೊಡಗಿದಾಗ ಸಾವಿಗೆ ಬೆಲೆಯೇ ಉಳಿಯಲಿಲ್ಲ. 2023ರ ‘ದಿ ಮಾರ್ವೆಲ್ಸ್’ ಆ ಮಾಲೆಯಲ್ಲಿಯೇ ಅತಿ ಕಡಿಮೆ ಗಳಿಕೆಯ ಚಿತ್ರವಾಯಿತು. 2024ರಲ್ಲಿ, ಐರನ್ ಮ್ಯಾನ್ ಆಗಿದ್ದ ನಟನೇ ಇನ್ನು ಮುಂದೆ ಡಾಕ್ಟರ್ ಡೂಮ್ ಎಂಬ ಖಳನಾಗಿ ಬರುವನೆಂದು ಘೋಷಿಸಿದರು. “ಇದು ಮೋಸವಲ್ಲವೇ ಸರ್?” ಎಂದು ಹುಡುಗನ ಅಳಲು.

ನನಗೆ ನಗು ಬಂತು. ನಿನ್ನೆ ರಾಮನಾಗಿದ್ದವನು ಇಂದು ರಾವಣನಾಗಿ ಬಂದರೆ ನಮ್ಮ ಘಟ್ಟದ ಮೇಲಿನ ಪ್ರೇಕ್ಷಕರು ಮೋಸವೆನ್ನುವುದಿಲ್ಲ. “ನೋಡುವ, ಇದನ್ನು ಹೇಗೆ ಮಾಡುತ್ತಾನೆ” ಎಂದು ಕಂಬಳಿ ಸರಿಪಡಿಸಿಕೊಂಡು ಕೂರುತ್ತಾರೆ. ಅವರು ವೇಷದ ಒಳಗಿನವನನ್ನೂ ವೇಷವನ್ನೂ ಬೇರೆಬೇರೆಯಾಗಿ ಬಲ್ಲರು. ಈ ಎರಡು ಅರಿವುಗಳ ನಡುವೆ ಆಡುವ ಸುಖವೇ ಯಕ್ಷಗಾನದ ಸುಖ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹುಟ್ಟಿದವನಿಗೆ ವೀರರ ಪರಿಚಯ ಪುಸ್ತಕದಿಂದ ಆಗುವುದಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಅಡಿಕೆ ಸುಲಿಯುವ ಕೈಗಳಿಗೆ ಬಿಡುವಿಲ್ಲ, ಬಾಯಿಗೆ ಮಾತ್ರ ಬಿಡುವು. ಅಲ್ಲಿ ನಡೆಯುವುದು ಯಾವ ಊರಿನಲ್ಲಿ ಯಾವ ಮೇಳ, ಯಾರ ಕರ್ಣ, ಯಾರ ಕೌರವ ಎಂಬ ಚರ್ಚೆ. ಕಲಾವಿದರಲ್ಲಿ ಹಲವರು ಘಟ್ಟದ ಕೆಳಗಿನ ಹೊನ್ನಾವರದ ಕಡೆಯವರು. ರಸಿಕರು ಘಟ್ಟದ ಮೇಲಿನವರು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯೆಂದರೆ ಡೇರೆ ಮೇಳಗಳ ಪೈಪೋಟಿಯ ಕಾಲ. ಒಂದು ಡೇರೆಯ ಚಂಡೆ ಇನ್ನೊಂದು ಡೇರೆಯವರೆಗೆ ಕೇಳಿಸಿ, ನಾವು ಯಾವುದಕ್ಕೆ ಟಿಕೆಟು ಕೊಳ್ಳಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಿದ್ದೆವು.

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅಪ್ಪಯ್ಯ ಕೆರೆಮನೆಯ ಪಕ್ಷ; ನಾನು ಚಿಟ್ಟಾಣಿಯ ಪಕ್ಷ. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರನ್ನು ಅಪ್ಪಯ್ಯ ಕಣ್ಣಾರೆ ಕಂಡವರು. ಅವರ ಮಗ ಶಂಭು ಹೆಗಡೆಯವರ ಪಾತ್ರಗಳೆಂದರೆ ಅವರಿಗೆ ಪ್ರಾಣ. ಒಂದು ಪದ್ಯಕ್ಕೆ ಎಷ್ಟು ಕುಣಿಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತು ಪಾತ್ರದ ಬಾಯಿಗೆ ಸಲ್ಲದು ಎಂಬ ಔಚಿತ್ಯವೇ ಅವರ ಅಳತೆಗೋಲು. ನನಗೋ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಸಾಕ್ಷಾತ್ ಗಂಧರ್ವರು. ಅವರ ಭಸ್ಮಾಸುರ ಮೋಹಿನಿಯ ಹಿಂದೆ ಸುಳಿಯುವಾಗ ಆ ಶರೀರದಲ್ಲಿ ಮೂಳೆಗಳಿವೆಯೋ ಇಲ್ಲವೋ ಎಂದು ಸಂಶಯವಾಗುತ್ತಿತ್ತು. ಕೀಚಕ, ಕಾರ್ತವೀರ್ಯ, ದುಷ್ಟಬುದ್ಧಿ—ಕೆಟ್ಟವರೆಲ್ಲ ಅವರ ಮೈಯಲ್ಲಿ ಹೊಕ್ಕು ಚೆಲುವರಾಗುತ್ತಿದ್ದರು. ಅದಕ್ಕೇ ಅಪ್ಪಯ್ಯನ ಆಕ್ಷೇಪ. ನನ್ನ ಆರಾಧನೆಗೂ ಅದೇ ಕಾರಣ. ಜಗಲಿಯ ಮೇಲೆ ಕವಳ ಹಾಕುತ್ತ ಆರಂಭವಾದ ವಾದ ಅಮ್ಮ ಒಳಗಿನಿಂದ ಗದರುವವರೆಗೆ ಸಾಗುತ್ತಿತ್ತು.

ಹೊಸ ಕಥೆಗಳ ಹಸಿವು ನಮ್ಮ ರಂಗಸ್ಥಳಕ್ಕೂ ಇರಲಿಲ್ಲವೆಂದು ತಿಳಿಯಬಾರದು. ಡೇರೆ ಮೇಳಗಳಿಗೆ ಪ್ರತಿ ವರ್ಷ ಹೊಸ ಪ್ರಸಂಗ ಬೇಕಾಯಿತು. ಟಿಕೆಟಿನ ಆಟಕ್ಕೆ ಹೊಸತಿನ ಆಕರ್ಷಣೆ ಅಗತ್ಯವಷ್ಟೆ. ಕಾಳಿಂಗ ನಾವಡರ ಕಂಠದಲ್ಲಿ ‘ನಾಗಶ್ರೀ’ಯಂಥ ಕಲ್ಪಿತ ಕಥೆಗಳು ಮನೆಮಾತಾದವು. 1990ರಲ್ಲಿ ಇನ್ನೂ ಎಳೆಯ ಪ್ರಾಯದಲ್ಲಿಯೇ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಊರಿಗೂರೇ ಮಂಕಾದುದು ನೆನಪಿದೆ. ಆ ಬಳಿಕ ಹೊಸ ಪ್ರಸಂಗಗಳ ಪ್ರವಾಹವೇ ಬಂತು. ಸಿನಿಮಾ ಕಥೆಗಳೂ ಕಿರೀಟ ಕಟ್ಟಿಕೊಂಡು ಬಂದವು. ನಾನು ಅವುಗಳಲ್ಲಿ ಬಹಳಷ್ಟನ್ನು ನೋಡಿದ್ದೇನೆ. ಮೆಚ್ಚಿ ಚಪ್ಪಾಳೆ ತಟ್ಟಿದ್ದೇನೆ. ಇಂದು ನೆನೆಯಹೊರಟರೆ ಕೆಲವು ಹಾಡುಗಳ ರಾಗ ಉಳಿದಿದೆ, ಕಥೆ ಉಳಿದಿಲ್ಲ. ಒಮ್ಮೆ ಮಾತ್ರ ತಿಳಿಯಬೇಕಾದ ಕಥೆ ತಿಳಿದೊಡನೆ ಮುಗಿಯುತ್ತದೆ. ಆ ಹುಡುಗನ ಮಾರ್ವೆಲ್ಲಿನ ಬಳಲಿಕೆಗೂ ಇದೇ ಕಾರಣವಿರಬೇಕು. ‘ಮುಂದೇನು’ ಎಂಬುದನ್ನೇ ಊರುಗೋಲು ಮಾಡಿಕೊಂಡ ಕಥೆ, ಊರುಗೋಲು ಮುರಿದಾಗ ಬೀಳಲೇಬೇಕು.

ಇದಕ್ಕೆ ಭಿನ್ನವಾದ ದಾರಿಯನ್ನು ನಮ್ಮ ನೆರೆಯಲ್ಲಿಯೇ ಒಬ್ಬರು ಹಿಡಿದಿದ್ದರು. ಶಿರಸಿ ಸೀಮೆಯ ಹನುಮಂತಿಯ ಹೊಸ್ತೋಟ ಮಂಜುನಾಥ ಭಾಗವತರು ನೂರಾರು ಪ್ರಸಂಗಗಳನ್ನು ಬರೆದರು. ಅಂಧ ಮಕ್ಕಳಿಗೂ ಕುಣಿತ ಕಲಿಸಿದರು. ಹೊಸತೆಂದರೆ ಹೊಸ ಕಥೆಯೇ ಆಗಬೇಕಿಲ್ಲ, ಹಳೆಯ ಕಥೆಯ ಕತ್ತಲೆಯ ಮೂಲೆಗೆ ದೀಪ ಹಿಡಿದರೂ ಹೊಸತೇ ಎಂಬುದನ್ನು ಅವರ ಬರವಣಿಗೆಯಿಂದ ನಾನು ತಿಳಿದುಕೊಂಡೆ. ಅವರು 2020ರ ಜನವರಿಯಲ್ಲಿ ನಮ್ಮನ್ನಗಲಿದರು.

ಹೀಗೆ ಅಗಲಿದವರ ಪಟ್ಟಿ ಈ ಎರಡು ದಶಕಗಳಲ್ಲಿ ಉದ್ದವಾಯಿತು. 2009ರ ಫೆಬ್ರವರಿಯಲ್ಲಿ ಶಂಭು ಹೆಗಡೆಯವರು ಇಡಗುಂಜಿಯ ರಂಗಸ್ಥಳದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅದೇ ವರ್ಷ ಕೆರೆಮನೆ ಮಹಾಬಲ ಹೆಗಡೆಯವರೂ ಹೋದರು. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀಯನ್ನು 2012ರಲ್ಲಿ ತಂದ ಚಿಟ್ಟಾಣಿಯವರು, ಎಂಬತ್ತು ದಾಟಿದ ಮೇಲೂ ಗೆಜ್ಜೆ ಬಿಚ್ಚದೆ ಕುಣಿದು, 2017ರ ಅಕ್ಟೋಬರ್ 3ರಂದು ನಿಂತರು. ನಮ್ಮ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ. ಅಭಿಮಾನಿಗೆ ವಯಸ್ಸಾಗುವುದು ತನ್ನ ಕೂದಲು ನೆರೆತಾಗ ಅಲ್ಲ. ಅವನ ವೀರರು ಚೌಕಿಯಿಂದ ಒಬ್ಬೊಬ್ಬರಾಗಿ ಎದ್ದುಹೋದಾಗ.

ಉಳಿದ ಬದಲಾವಣೆಗಳನ್ನು ವಾಚಕರು ಬಲ್ಲರು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕಾಲಮಿತಿಯೆಂಬ ಹೆಸರಿನಲ್ಲಿ ಮೂರು ನಾಲ್ಕು ಗಂಟೆಗಳಿಗೆ ಇಳಿಯಿತು. ತೆಂಕಿನ ಕಟೀಲು ಮೇಳಗಳೂ 2022ರಲ್ಲಿ ಆ ದಾರಿ ಹಿಡಿದಾಗ ವಿವಾದ ಹೈಕೋರ್ಟಿನವರೆಗೆ ಹೋಯಿತು. ಒಂದು ಮೇಳದ ಆಟಕ್ಕಿಂತ ಹಲವು ಮೇಳಗಳ ತಾರೆಯರನ್ನು ಕೂಡಿಸಿದ ಕೂಡಾಟಗಳಿಗೆ ಜನ ಸೇರತೊಡಗಿದರು. 2020ರ ಮಾರ್ಚಿನಲ್ಲಿ ರೋಗಭಯದಿಂದ ತಿರುಗಾಟವೇ ನಿಂತಾಗ ಆಟ ಮೊಬೈಲಿನ ಗಾಜಿನೊಳಗೆ ಹೊಕ್ಕಿತು. ಕಷ್ಟಕಾಲದಲ್ಲಿ ಅದು ಕಲೆಯನ್ನು ಕಾಯ್ದುದು ನಿಜ. ಆದರೆ ಎರಡು ನಿಮಿಷದ ತುಣುಕುಗಳಲ್ಲಿ ಕುಣಿತದ ತುತ್ತತುದಿ ಮಾತ್ರ ಕಾಣುತ್ತದೆ. ಅದಕ್ಕೆ ಏರಿಬಂದ ಮೆಟ್ಟಿಲುಗಳು ಕಾಣುವುದಿಲ್ಲ.

ಇದಕ್ಕೆಲ್ಲ ಕಾಲವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಾನು ಹಾಗೆ ಮಾಡಲಾರೆ. ಏಕೆಂದರೆ ಈ ಅಪರಾಧದಲ್ಲಿ ನನ್ನ ಪಾಲೂ ಇದೆ.

ನಾನು ಅಧ್ಯಾಪಕನಾಗಿ ಎರಡು ಮೂರು ವರ್ಷವಾಗಿತ್ತು. ಊರಿನ ಗೆಳೆಯರೆಲ್ಲ ಸೇರಿ ಒಂದು ಕೂಡಾಟವನ್ನು ಏರ್ಪಡಿಸಿದೆವು. ಒಂದೇ ರಾತ್ರಿ ಮೂರು ಪ್ರಸಂಗ, ಹೆಸರಾಂತ ಕಲಾವಿದರು. ಸಮಯ ಸಾಲದು. ಕೀಚಕ ವಧೆಯಲ್ಲಿ ಯಾವುದನ್ನು ಬಿಡಬೇಕೆಂದು ನಿಶ್ಚಯಿಸುವ ಕೆಲಸ ‘ಕನ್ನಡ ಎಂ.ಎ.’ ಎಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ನಾನು ಕೀಚಕನ ಪ್ರವೇಶವನ್ನು ಇಟ್ಟೆ, ಶೃಂಗಾರದ ಪದ್ಯಗಳನ್ನು ಇಟ್ಟೆ, ನಾಟ್ಯಶಾಲೆಯ ಕಾಳಗವನ್ನು ಇಟ್ಟೆ. ವಿರಾಟನ ಸಭೆಯಲ್ಲಿ ಎಲ್ಲರೆದುರು ಒದೆತ ತಿಂದ ಸೈರಂಧ್ರಿ ನ್ಯಾಯ ಬೇಡುವ ಭಾಗವನ್ನೂ, ಇರುಳಿನಲ್ಲಿ ಅಡಿಗೆಮನೆಗೆ ಹೋಗಿ ವಲಲನನ್ನು ಎಬ್ಬಿಸಿ ದುಃಖ ತೋಡಿಕೊಳ್ಳುವ ಭಾಗವನ್ನೂ ತೆಗೆದುಹಾಕಿದೆ. ಅಲ್ಲಿ ಕುಣಿತವಿಲ್ಲ, ಜನ ಚಹಾಕ್ಕೆ ಏಳುತ್ತಾರೆ ಎಂಬುದು ನನ್ನ ವಾದ.

ಆಟ ಭರ್ಜರಿಯಾಯಿತು. ಶಿಳ್ಳೆಗಳಿಂದ ಚಪ್ಪರ ಹಾರಿಹೋಗುವಂತಿತ್ತು. ಕೀಚಕ ಒಂದು ಪದ್ಯವನ್ನು ಮತ್ತೊಮ್ಮೆ ಕುಣಿಯಬೇಕೆಂದು ಮೊದಲು ಕೂಗಿದವನೂ ನಾನೇ. ಬೆಳಗ್ಗೆ ಮನೆಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕುಳಿತಿದ್ದರು. ಹೇಗಾಯಿತೆಂದು ಕೇಳಿದೆ. ಸ್ವಲ್ಪ ಹೊತ್ತು ಕವಳ ಅಗಿದು ಅವರು ಹೇಳಿದ್ದಿಷ್ಟು: “ಕೀಚಕ ಚೊಲೋ ಕುಣದ. ದ್ರೌಪದಿ ಎಲ್ಲಿ ಹೋತೋ ತಮಾ?”

ನಾನು ಹಳಬರ ಗೊಣಗಾಟವೆಂದು ಒಳಗೆ ಹೋದೆ. ಅದಾದ ಕೆಲವು ವರ್ಷಗಳಿಗೆ ಅಪ್ಪಯ್ಯ ತೀರಿಕೊಂಡರು. ಆ ವಾಕ್ಯ ಮಾತ್ರ ತೀರಲಿಲ್ಲ. ದ್ರೌಪದಿಯ ಅಳಲಿಲ್ಲದ ಕೀಚಕ ವಧೆ ಏನು? ಒಬ್ಬ ಬಲಶಾಲಿ ಇನ್ನೊಬ್ಬ ಬಲಶಾಲಿಯನ್ನು ಕೊಲ್ಲುವ ಮಲ್ಲಯುದ್ಧ. ಕೀಚಕ ಏಕೆ ಸಾಯಬೇಕೆಂಬುದನ್ನು ಹೇಳುವವಳು ಅವಳು. ಧರ್ಮರಾಯನೇ ಕಂಕಭಟ್ಟನಾಗಿ ಬಾಯಿ ಕಟ್ಟಿ ಕುಳಿತ ಸಭೆಯಲ್ಲಿ ನ್ಯಾಯವೆಲ್ಲಿ ಎಂದು ಕೇಳುವವಳು ಅವಳು. ಅವಳನ್ನು ತೆಗೆದವನು ಯಾವ ಮೇಳದ ಯಜಮಾನನೂ ಅಲ್ಲ, ಯಾವ ಕಾಲಮಿತಿಯ ಕಾನೂನೂ ಅಲ್ಲ. ವಿರಾಟಪರ್ವವನ್ನು ಪಾಠ ಹೇಳುವ ಒಬ್ಬ ಅಭಿಮಾನಿ. ವೀರನ ಅಭಿಮಾನಿಗಳಿಗೆ ವೀರನೊಬ್ಬನೇ ಕಂಡರೆ ಕಥೆ ಸಾಯುತ್ತದೆ; ಕಥೆ ಸತ್ತ ಮೇಲೆ ವೀರನೂ ಬಹುಕಾಲ ಬದುಕಲಾರ.

ಮೊನ್ನೆ ಚಿಟ್ಟಾಣಿಯವರ ಕೀಚಕನ ಹಳೆಯ ಮುದ್ರಿಕೆಯೊಂದನ್ನು ನೋಡುತ್ತಿದ್ದೆ. ಚಿತ್ರ ಮಸುಕು, ಧ್ವನಿ ಒಡಕು. ಆದರೆ ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ ಒಂದು ಸಂಗತಿ ಬಿತ್ತು. ಅವರು ಕುಣಿಯುವಷ್ಟು ಹೊತ್ತೂ ಅವರ ದೃಷ್ಟಿ ಪ್ರೇಕ್ಷಕರ ಮೇಲಿರಲಿಲ್ಲ, ಸೈರಂಧ್ರಿಯ ಮೇಲಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದರೆ ಆ ಕುಣಿತದ ಬಣ್ಣವೇ ಬದಲಾಗುತ್ತಿತ್ತು. ಆ ಮಹಾಕಲಾವಿದರು ದ್ರೌಪದಿಯನ್ನು ಎಂದೂ ಮರೆತಿರಲಿಲ್ಲ. ಮರೆತವನು ಶಿಳ್ಳೆ ಹಾಕಿದ ನಾನು. ಅಪ್ಪಯ್ಯನ ಪಕ್ಷಕ್ಕೂ ನನ್ನ ಪಕ್ಷಕ್ಕೂ ಇದ್ದ ಅಂತರ ನಾನು ತಿಳಿದಷ್ಟು ದೊಡ್ಡದಾಗಿರಲಿಲ್ಲ. ಇದನ್ನು ಹೇಳಲು ಜಗಲಿಯಲ್ಲಿ ಈಗ ಅವರಿಲ್ಲ.

ಕಳೆದ ಬೇಸಗೆಯಲ್ಲಿ ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿ ಬೆಳಗಿನವರೆಗೆ ಕೀಚಕ ವಧೆಯ ಆಟವಿತ್ತು. ದೊಡ್ಡ ಹೆಸರುಗಳಿಲ್ಲದ ಆಟ. ಪ್ರಶ್ನೆ ಕೇಳಿದ ಹುಡುಗನನ್ನು ಕರೆದುಕೊಂಡು ಹೋದೆ. ಸಭೆಯ ಸನ್ನಿವೇಶ ಬರುವಾಗ ಗಂಟೆ ಎರಡು ದಾಟಿತ್ತು. ಇಬ್ಬನಿಗೆ ನೆಲ ತಣ್ಣಗಾಗಿತ್ತು. ಹರೆಯದ ಕಲಾವಿದನೊಬ್ಬ ಸೈರಂಧ್ರಿ. ಕುಣಿತ ಹೆಚ್ಚಿಲ್ಲ. ಕಂಕಭಟ್ಟನ ಕಡೆಗೊಮ್ಮೆ ನೋಡಿ, ಮಾತು ಮುಂದುವರಿಸಲಾರದೆ ನಿಂತ. ಭಾಗವತರೂ ಅವಸರ ಮಾಡಲಿಲ್ಲ. ಮದ್ದಲೆಯೊಂದೇ ಮೆಲ್ಲನೆ ನುಡಿಯುತ್ತಿತ್ತು. ಯಾರೂ ಚಹಾಕ್ಕೆ ಏಳಲಿಲ್ಲ.

ಮರಳಿ ಬರುವಾಗ ಹುಡುಗ ಬಹಳ ದೂರದವರೆಗೆ ಮಾತಾಡಲಿಲ್ಲ. ಶಿರಸಿಯ ದೀಪಗಳು ಕಂಡಾಗ, “ಸರ್, ಆ ರಾಜ ಯಾಕೆ ಸುಮ್ಮನಿದ್ದ?” ಎಂದು ಕೇಳಿದ. ಅವನ ಹಳೆಯ ಪ್ರಶ್ನೆಗೆ ಉತ್ತರ ಅವನ ಹೊಸ ಪ್ರಶ್ನೆಯಲ್ಲಿಯೇ ಇತ್ತು. ಸಭೆಗಳು ಸುಮ್ಮನೆ ಕುಳಿತಿರುವಷ್ಟು ಕಾಲ ಕೀಚಕ ಮತ್ತೆ ಮತ್ತೆ ಸಾಯಬೇಕು. ಅದಕ್ಕಾಗಿ ನಾವು ಮತ್ತೆ ಮತ್ತೆ ನಿದ್ದೆಗೆಡಬೇಕು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಸೋಮವಾರ ವಿರಾಟಪರ್ವದ ಆ ಭಾಗವನ್ನು ಮೊದಲಿನಿಂದ ಪಾಠ ಮಾಡಿದೆ.