ಮೀಟರ್ ಅಳತೆಯ ನಟ್ಟು ಬೋಲ್ಟುಗಳಿಗೆ ತಕ್ಕ ಸಾಕೆಟ್ಟನ್ನು ಆರಿಸುವ ಕ್ರಮ

ಉಳುಮೆಯಿಂದ ಒಕ್ಕಣೆಯವರೆಗಿನ ಬೇಸಾಯದ ಕೆಲಸಗಳು ಈಗ ಬಹುಮಟ್ಟಿಗೆ ಯಂತ್ರಗಳಿಂದ ನಡೆಯುತ್ತಿರುವುದು ಸರ್ವವಿದಿತವಾದ ಸಂಗತಿ. ಟ್ರಾಕ್ಟರು, ಪವರ್ ಟಿಲ್ಲರು, ಕಲ್ಟಿವೇಟರು, ಪಂಪು ಇವೆಲ್ಲವುಗಳ ಭಾಗಗಳನ್ನು ಬಿಗಿಯಾಗಿ ಹಿಡಿದಿರತಕ್ಕವು ನಟ್ಟು ಬೋಲ್ಟುಗಳೇ. ಹದಮಳೆ ಬಿದ್ದು ಹೊಲವು ಬಿತ್ತನೆಗೆ ಸಿದ್ಧವಾಗಿರುವಾಗ ಕಲ್ಟಿವೇಟರಿನ ಸವೆದ ಗುಳವನ್ನು ಬದಲಾಯಿಸಬೇಕಾಯಿತೆಂದು ಭಾವಿಸೋಣ. ಕೈಗೆ ಸಿಕ್ಕಿದ ಸಾಕೆಟ್ಟನ್ನು ಹಾಕಿ ಬಲವಾಗಿ ತಿರುಗಿಸಿದರೆ ಅದು ಜಾರಿ, ನಟ್ಟಿನ ಮೂಲೆಗಳು ಸವೆದು ಗುಂಡಗಾಗುವುವು. ಆ ಮೇಲೆ ಸರಿಯಾದ ಸಾಕೆಟ್ಟು ದೊರೆತರೂ ಪ್ರಯೋಜನವಿಲ್ಲ. ನಟ್ಟನ್ನು ಉಳಿಯಿಂದ ಕತ್ತರಿಸಿ ತೆಗೆಯಬೇಕಾಗುವುದು. ಪೇಟೆಗೆ ಹೋಗಿ ಬರುವಷ್ಟರಲ್ಲಿ ನೆಲದ ಹದ ಆರಿಹೋಗುವುದು. ಅಲ್ಪ ಬೆಲೆಯ ನಟ್ಟಿನಿಂದ ಉಂಟಾಗತಕ್ಕ ಈ ನಷ್ಟವನ್ನು ಸ್ವಲ್ಪ ತಿಳಿವಳಿಕೆಯಿಂದ ತಪ್ಪಿಸಬಹುದು.

ಎರಡು ಅಂಕಿಗಳ ಭೇದ

ಬೋಲ್ಟಿನ ಅಳತೆಯೂ ಸಾಕೆಟ್ಟಿನ ಅಳತೆಯೂ ಒಂದೇ ಎಂದು ತಿಳಿಯುವುದೇ ತೊಂದರೆಗೆ ಮುಖ್ಯ ಕಾರಣ. ‘ಎಂ 10’ ಎಂಬ ಗುರುತಿನಲ್ಲಿ ಎಂ ಅಕ್ಷರವು ಮೀಟರ್ ಪದ್ಧತಿಯನ್ನೂ, 10 ಎಂಬ ಅಂಕಿಯು ತಿರುಪು ಕೊರೆದಿರುವ ಕಾಂಡದ ದಪ್ಪವನ್ನು ಮಿಲಿಮೀಟರುಗಳಲ್ಲಿಯೂ ಸೂಚಿಸುವುವು. ಸಾಕೆಟ್ಟಿನ ಮೇಲಿನ ಅಂಕಿಯಾದರೋ ಆರು ಮೂಲೆಯ ತಲೆಯಲ್ಲಿ ಎದುರುಬದುರಾದ ಎರಡು ಚಪ್ಪಟೆ ಪಕ್ಕಗಳ ನಡುವಣ ಅಗಲವನ್ನು ತಿಳಿಸುವುದು. ಸಾಮಾನ್ಯವಾದ ಜೋಡಿಗಳು ಈ ರೀತಿ ಇವೆ:

ಎಂ 5 ಬೋಲ್ಟಿಗೆ — 8 ಮಿ.ಮೀ. ಸಾಕೆಟ್ಟು
ಎಂ 6 — 10
ಎಂ 8 — 13
ಎಂ 10 — 16 ಅಥವಾ 17
ಎಂ 12 — 18 ಅಥವಾ 19
ಎಂ 14 — 21 ಅಥವಾ 22
ಎಂ 16 — 24
ಎಂ 20 — 30
ಎಂ 24 — 36

ತಲೆಯ ಅಗಲವು ಕಾಂಡದ ದಪ್ಪದ ಸುಮಾರು ಒಂದೂವರೆಯಷ್ಟೆಂದು ನೆನಪಿಟ್ಟರೆ ಪಟ್ಟಿಯು ಎದುರಿಗಿಲ್ಲದಾಗಲೂ ಅಂದಾಜು ಮಾಡಬಹುದು. ಕೆಲವಕ್ಕೆ ಎರಡು ಅಳತೆಗಳಿರುವುದೇಕೆಂದರೆ, ಹಳೆಯ ಜರ್ಮನ್ ಕ್ರಮದಲ್ಲಿ 17, 19, 22 ಎಂದಿದ್ದುದು ಅನಂತರದ ಅಂತರರಾಷ್ಟ್ರೀಯ ಕ್ರಮದಲ್ಲಿ 16, 18, 21 ಎಂದಾಯಿತು. ಎರಡು ಬಗೆಯವೂ ಬಳಕೆಯಲ್ಲಿವೆ. ಜಪಾನೀ ಮಾದರಿಯ ಯಂತ್ರಗಳಲ್ಲಿ ತಲೆಯು ಇನ್ನೂ ಕಿರಿದಾಗಿದ್ದು, ಎಂ 8ಕ್ಕೆ 12, ಎಂ 10ಕ್ಕೆ 14, ಎಂ 12ಕ್ಕೆ 17 ಇರುವುದುಂಟು. ಆದುದರಿಂದ ಪಟ್ಟಿಯನ್ನೇ ನಂಬದೆ ತಲೆಯನ್ನು ಅಳೆದು ನೋಡತಕ್ಕದ್ದು. ಅಳೆಯುವಾಗ ಚಪ್ಪಟೆ ಪಕ್ಕದಿಂದ ಪಕ್ಕಕ್ಕೆ ಅಳೆಯಬೇಕು. ಮೂಲೆಯಿಂದ ಮೂಲೆಗೆ ಅಳೆದರೆ ಲೆಕ್ಕ ತಪ್ಪುವುದು.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುವ ಅಂಕಿಯು ಅಳತೆಯಲ್ಲ. ಅದು ಉಕ್ಕಿನ ಬಲದ ಗುರುತು. ಹೊಸ ಬೋಲ್ಟನ್ನು ಕೊಳ್ಳುವಾಗ ಕಾಂಡದ ದಪ್ಪ, ತಿರುಪಿನ ಅಂತರ, ಉದ್ದ ಇವುಗಳೊಡನೆ ಈ ಗುರುತೂ ಹಳೆಯದಕ್ಕೆ ಸರಿಹೊಂದಬೇಕು.

ಅಂಗುಲದ ಅಳತೆಯೊಡನೆ ಬೆರಕೆ

ನಮ್ಮ ದೇಶದಲ್ಲಿ 1956ನೆಯ ಇಸವಿಯ ತೂಕ ಮತ್ತು ಅಳತೆಗಳ ಕಾನೂನಿನಿಂದ ಮೀಟರ್ ಪದ್ಧತಿಯು ಬಂದಿತು. ಆದರೂ ಹಳೆಯ ಇಂಜಿನುಗಳಲ್ಲಿಯೂ ಉಪಕರಣಗಳಲ್ಲಿಯೂ ಅಂಗುಲದ ಬೋಲ್ಟುಗಳು ಕಂಡುಬರುವುವು. ಮುಕ್ಕಾಲು ಅಂಗುಲವು 19.05 ಮಿ.ಮೀ. ಆದುದರಿಂದ 19ರ ಸಾಕೆಟ್ಟಿಗೂ ಅದಕ್ಕೂ ಹೆಚ್ಚು ಭೇದವಿಲ್ಲ. ಆದರೆ 11/16 ಅಂಗುಲವು 17.46 ಮಿ.ಮೀ. ಆಗುವುದು, ಆ ಸಾಕೆಟ್ಟನ್ನು 17ರ ನಟ್ಟಿಗೆ ಹಾಕಿದರೆ ಅದು ಸಡಿಲವಾಗಿ ಕುಳಿತು ಮೂಲೆಗಳನ್ನು ತಿನ್ನುವುದು. ಹಳೆಯ ಇಂಗ್ಲಿಷ್ ಯಂತ್ರಗಳಲ್ಲಿರುವ ವಿಟ್‌ವರ್ತ್ ಪದ್ಧತಿಯ ಸ್ಪ್ಯಾನರುಗಳ ಮೇಲೆ ತಲೆಯ ಅಗಲಕ್ಕೆ ಬದಲಾಗಿ ಬೋಲ್ಟಿನ ಕಾಂಡದ ಅಳತೆಯನ್ನೇ ನಮೂದಿಸಿರುವರು.

ನಟ್ಟು ಕೈಯಿಂದ ಎರಡು ಸುತ್ತು ತಿರುಗಿ ಅನಂತರ ಹಿಡಿದುಕೊಂಡರೆ ತಿರುಪುಗಳು ಒಂದೇ ಜಾತಿಯವಲ್ಲವೆಂಬ ಸಂದೇಹಕ್ಕೆ ಎಡೆಯುಂಟು. ಬಲಾತ್ಕಾರವಾಗಿ ಬಿಗಿಯದೆ ಬಿಚ್ಚಿ ಪರೀಕ್ಷಿಸತಕ್ಕದ್ದು.

ಇನ್ನೊಂದು ಗೊಂದಲವೂ ಉಂಟು. ಅಂಗಡಿಯವರು ‘ಅರ್ಧ ಅಂಗುಲದ ಸೆಟ್ಟು’ ಎಂದು ಹೇಳುವುದು ಹಿಡಿಯು ಸೇರತಕ್ಕ ಚೌಕದ ಅಳತೆಯನ್ನು. ಅದರಲ್ಲಿನ ಸಾಕೆಟ್ಟುಗಳು ಮಿಲಿಮೀಟರಿನವೇ ಆಗಿರಬಹುದು.

ಬಳಸುವ ರೀತಿ

1. ತಲೆಯ ಮಣ್ಣನ್ನೂ ತುಕ್ಕನ್ನೂ ತಂತಿಯ ಬ್ರಷ್ಷಿನಿಂದ ತೆಗೆದು, ಸಾಕೆಟ್ಟನ್ನು ತಳದವರೆಗೆ ಕೂರಿಸಬೇಕು.
2. ಕೂರಿಸಿದ ಮೇಲೆ ಕೈಯಿಂದ ಅಲುಗಿಸಿ ನೋಡಬೇಕು. ಹೆಚ್ಚು ಅಲುಗಾಡಿದರೆ ಒಂದು ಅಳತೆ ಕಿರಿದಾದುದನ್ನು ಪ್ರಯತ್ನಿಸಬೇಕು. ಸಡಿಲವಾದುದಕ್ಕೆ ತಗಡು ತುರುಕಿ ಕೆಲಸ ಸಾಗಿಸಬಾರದು.
3. ತುಕ್ಕು ಹಿಡಿದ ನಟ್ಟಿಗೆ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯ ಸಾಕೆಟ್ಟು ಉತ್ತಮ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ಕಾಲ ಬಿಟ್ಟು ತಿರುಗಿಸಬೇಕು.
4. ಹಿಡಿಗೆ ಕೊಳವೆ ಸೇರಿಸಿ ಉದ್ದ ಮಾಡುವುದು ಅಪಾಯಕರ. ಸಾಕೆಟ್ಟು ಒಡೆದು ಕೈಗೆ ಗಾಯವಾಗುವುದುಂಟು.

ಯಂತ್ರವುಳ್ಳ ಪ್ರತಿಯೊಬ್ಬ ಜಮೀನುದಾರರೂ 10, 13, 16, 17, 18, 19, 21, 22, 24 ಮತ್ತು 30ರ ಸಾಕೆಟ್ಟುಗಳನ್ನು ಇಟ್ಟುಕೊಳ್ಳುವುದು ಶ್ರೇಯಸ್ಕರ. ಇಷ್ಟನ್ನು ಕೊಳ್ಳಲಾರದ ಸಣ್ಣ ಹಿಡುವಳಿದಾರರ ಅನುಕೂಲಕ್ಕಾಗಿ, ಗ್ರಾಮದ ಮುಖಂಡರು ಸಹಕಾರ ಸಂಘದ ಮೂಲಕ ಒಂದು ಪೂರ್ಣ ಸೆಟ್ಟನ್ನು ತರಿಸಿ, ಪಡೆದವರ ಹೆಸರು ಬರೆದಿಡುವ ಏರ್ಪಾಡು ಮಾಡಬಹುದು. ಮಳೆಗಾಲಕ್ಕೆ ಮೊದಲೇ ತಮ್ಮ ಯಂತ್ರಗಳ ಮುಖ್ಯವಾದ ನಟ್ಟುಗಳನ್ನು ಅಳೆದು, ಅಳತೆಗಳನ್ನು ಒಂದು ಹಲಗೆಯ ಮೇಲೆ ಬರೆದು ಕೊಟ್ಟಿಗೆಯಲ್ಲಿ ತೂಗುಹಾಕಿದರೆ, ಹದ ಬಂದ ದಿನ ಹುಡುಕಾಟವಿಲ್ಲದೆ ಬಿತ್ತನೆ ಸಾಗುವುದು.